ನಿದ್ದೆಗೂ ನೀರಿಗೂ ಪ್ರಾಸ

ಸ್ಟೀಮರು ಇಸ್ತಾಂಬುಲ್‌ನ ಉಸ್ಕುದಾರದ ಕಟ್ಟೆ ಬಿಟ್ಟು ನಡುನೀರಿಗೆ ಬಂದಾಗ ತನ್ನ ತುಟಿಗಳು ಅಲ್ಲಾಡುತ್ತಿವೆಯೆಂಬುದು ಹುಲೂಸಿಗೆ ಗೊತ್ತಾಯಿತು. ಎದುರಿನ ಹಲಗೆಗೋಡೆಯ ಮೇಲೆ ಹಲ್ಲುಪುಡಿಯ ಜಾಹೀರಾತೊಂದಿತ್ತು. ಓದಬೇಕೆಂದು ಅವನೇನೂ ಹೊರಟವನಲ್ಲ. ಕಣ್ಣು ತಾನಾಗಿ ಅತ್ತ ಹೋಗಿ, ಐವತ್ತು ವರ್ಷದ ರೂಢಿಯಂತೆ ಬಲಗಡೆಯಿಂದ ಶುರುಮಾಡಿ, ಅರ್ಥವಾಗದೆ ತಬ್ಬಿಬ್ಬಾಗಿ, ಆಮೇಲೆ ನೆನಪು ಬಂದು ಎಡಗಡೆಗೆ ಓಡಿ, ಕೋಳಿ ಕಾಳು ಹೆಕ್ಕುವ ಹಾಗೆ ಒಂದೊಂದೇ ಅಕ್ಷರವನ್ನು ಹೆಕ್ಕತೊಡಗಿತ್ತು. ಅದರ ಹಿಂದೆ ತುಟಿ ಹೊರಟಿತ್ತು. ಎದುರು ಕೂತಿದ್ದ ತರುಣ, ಯಾವುದೋ ಬ್ಯಾಂಕಿನ ಗುಮಾಸ್ತನಿರಬೇಕು, ಅದನ್ನು ನೋಡಿ ಮುಖವನ್ನು ಮೆಲ್ಲಗೆ ಸಮುದ್ರದ ಕಡೆ ತಿರುಗಿಸಿಕೊಂಡ. ಆ ತಿರುಗಿಸಿಕೊಂಡದ್ದರಲ್ಲಿ ದಯೆಯಿತ್ತು. ನಕ್ಕಿದ್ದರೇ ಚೆನ್ನಾಗಿತ್ತು ಎನ್ನಿಸಿತು ಹುಲೂಸಿಗೆ. ಹತ್ತು ವರ್ಷದ ಹಿಂದಾಗಿದ್ದರೆ ಇಂಥ ಹುಡುಗರು ಇದೇ ಸ್ಟೀಮರಿನಲ್ಲಿ ಅವನನ್ನು ಕಂಡು ಎದ್ದು ನಿಲ್ಲುತ್ತಿದ್ದರು, 'ಉಸ್ತಾದ್, ಇಲ್ಲಿ ಕೂತುಕೊಳ್ಳಿ' ಎನ್ನುತ್ತಿದ್ದರು, ಧೈರ್ಯವಿದ್ದವನು ಅವನದೇ ಒಂದು ಸಾಲನ್ನು ಅವನಿಗೇ ಒಪ್ಪಿಸುತ್ತಿದ್ದ. ಈಗ ಹಲ್ಲುಪುಡಿಯ ಹೆಸರನ್ನು ಓದಲಾರದೆ ತೊದಲುವ ಮುದುಕ. ಹುಲೂಸಿ ತುಟಿಗಳನ್ನು ಬಿಗಿಯಾಗಿ ಮುಚ್ಚಿಕೊಂಡ. ಆದರೆ ಕಣ್ಣು ಬಿಡಲಿಲ್ಲ. ದಡ ಬರುವಷ್ಟರಲ್ಲಿ ಹೆಸರನ್ನು ಓದಿ ಮುಗಿಸಿತ್ತು, ಮತ್ತು ಅವನಿಗೆ ನಾಚಿಕೆಯಾಗುವಷ್ಟು ಸಂತೋಷವಾಗಿತ್ತು.

ಈ ಹೊಸ ರೋಮನ್ ಅಕ್ಷರಗಳ ಮೇಲೆ ಅವನಿಗೆ ಹಗೆಯಿರಲಿಲ್ಲ. ಹೋದ ವರ್ಷ ಸರ್ಕಾರ ಅವನ್ನು ತರುತ್ತದೆಂದು ಸುದ್ದಿಯಾದಾಗ, ಇನ್ನು ಮೇಲೆ ಕುರುಬರ ಮಕ್ಕಳೂ ಓದುತ್ತಾರೆ, ನಮ್ಮ ಮನೆಯ ಹೆಂಗಸರೂ ಓದುತ್ತಾರೆ, ಇದಕ್ಕಿಂತ ದೊಡ್ಡ ಹಬ್ಬ ಯಾವುದು ಎಂದು ಪತ್ರಿಕೆಯಲ್ಲಿ ಸ್ವಾಗತದ ಲೇಖನ ಬರೆದವನೇ ಅವನು. ಬರೆದದ್ದು ಹಳೆಯ ಅರಬ್ಬಿ ಅಕ್ಷರದಲ್ಲಿ. ಲೇಖನ ಅಚ್ಚಾದ ದಿನ ಗೆಳೆಯರು ಭುಜ ತಟ್ಟಿದ್ದರು. ಚಳಿಗಾಲ ಬಂದಿತು, ಹಳೆಯ ಅಕ್ಷರ ಕಾನೂನಿಗೆ ವಿರುದ್ಧವಾಯಿತು, ಪತ್ರಿಕೆಗಳು ಒಂದು ಬೆಳಗ್ಗೆ ಬೇರೆ ಮುಖ ಹೊತ್ತು ಬಾಗಿಲಿಗೆ ಬಂದವು, ಅಂಗಡಿಗಳ ಹಲಗೆಗಳು ಬದಲಾದವು, ಮತ್ತು ಹುಲೂಸಿ ತಾನು ಹುಟ್ಟಿ ಬೆಳೆದ ಊರಿನ ಬೀದಿಯಲ್ಲಿ ಔಷಧದ ಅಂಗಡಿ ಯಾವುದು, ಮಿಠಾಯಿ ಅಂಗಡಿ ಯಾವುದು ಎಂದು ವಾಸನೆಯ ಮೇಲೆ ಗುರುತಿಸುವವನಾದ. ಹಳೆಯ ಅಕ್ಷರ ಬಲ್ಲವರಿಗೆಂದು ಇಟ್ಟ ಸಂಜೆಯ ತರಗತಿಗೆ ಎರಡು ತಿಂಗಳು ಹೋದ. ಪಕ್ಕದಲ್ಲಿ ಕೂರುತ್ತಿದ್ದವನು ಮಸೀದಿಯಲ್ಲಿ ಬಾಂಗು ಕೂಗುವ ಮುಅಝ್ಝಿನ್. ಇಬ್ಬರೂ ಒಬ್ಬರದನ್ನೊಬ್ಬರು ನೋಡಿ ಬರೆಯುತ್ತಿದ್ದರು. ಹುಲೂಸಿಯ ಅಪ್ಪ ಕಚೇರಿಯ ಬರಹಗಾರನಾಗಿದ್ದವನು, ಆರು ವರ್ಷದ ಮಗನ ಕೈಗೆ ಜೊಂಡಿನ ಲೇಖನಿ ಕೊಟ್ಟು, ಮಸಿಕುಡಿಕೆಯೊಳಗಿನ ರೇಷ್ಮೆಯ ಉಂಡೆಗೆ ಅದನ್ನು ಎಷ್ಟು ಒತ್ತಬೇಕು ಎಂದು ತನ್ನ ಬೆರಳು ಸೇರಿಸಿ ತೋರಿಸಿದ್ದ. ಕಾಗದದ ಮೇಲೆ ಲೇಖನಿ ಹರಿಯುವಾಗ ಒಂದು ಸಣ್ಣ ಕಿರಗುಟ್ಟುವ ಸದ್ದು ಬರುತ್ತಿತ್ತು, ಜೀರುಂಡೆಯ ದನಿಯಂತೆ. ಆ ಸದ್ದು ಕೇಳಿದರೆ ಮಾತ್ರ ಹುಲೂಸಿಗೆ ಮಾತು ಹೊಳೆಯುತ್ತಿತ್ತು. ಆ ಅಕ್ಷರಗಳು ತುಂಬಿದ ದೋಣಿಯಲ್ಲಿ ಕೂತ ಜನರ ಹಾಗೆ ಒಂದರ ತೊಡೆಗೆ ಒಂದು ಒತ್ತಿಕೊಂಡು, ಕೈ ಚಾಚಿ, ಒಬ್ಬರ ಮೇಲೊಬ್ಬರು ಒರಗಿ ಇರುತ್ತಿದ್ದವು. ಈ ಹೊಸವು ಬಿಡಿಬಿಡಿಯಾಗಿ ನಿಲ್ಲುತ್ತವೆ. ಪರಿಚಯವಿಲ್ಲದವರ ಹಾಗೆ.

ಸೇತುವೆಯ ಕಟ್ಟೆಯಲ್ಲಿ ಇಳಿದು ಪ್ರಕಾಶಕರ ಬೀದಿಯ ಏರನ್ನು ಹತ್ತಿದ. ಸಾಬಿತ್ ಎಫೆಂದಿ ಹೇಳಿಕಳಿಸಿದ್ದ. ಸಾಬಿತ್ ಅವನ ಪುಸ್ತಕಗಳನ್ನೆಲ್ಲ ತಂದ ಪ್ರಕಾಶಕ; ಹುಲೂಸಿಯ ಹೆಸರು ದೊಡ್ಡದಾದಂತೆ ಅವನ ಅಂಗಡಿಯೂ ದೊಡ್ಡದಾಗಿತ್ತು. ಈಗ ಹಳೆಯ ಪುಸ್ತಕಗಳೆಲ್ಲ ಹಿಂದಿನ ಕೋಣೆಯಲ್ಲಿ ಕಟ್ಟು ಕಟ್ಟಾಗಿ ಬಿದ್ದಿದ್ದವು, ಹಣ್ಣಿನ ಅಂಗಡಿಯವರು ಪೊಟ್ಟಣಕ್ಕೆಂದು ಒಯ್ಯುತ್ತಿದ್ದಾರೆಂದು ಯಾರೋ ಹೇಳಿದ್ದರು, ಹುಲೂಸಿ ಅದನ್ನು ನಂಬದಿರುವುದಕ್ಕಾಗಿ ಹಣ್ಣು ಕೊಳ್ಳುವುದನ್ನು ಬಿಟ್ಟಿದ್ದ. ಸಾಬಿತ್ ಎದ್ದು ಬಂದು ತೋಳು ಹಿಡಿದು ಕೂರಿಸಿದ, ಕಾಫಿ ತರಿಸಿದ, ಕೆಮ್ಮು ಹೇಗಿದೆ ಎಂದ. ಅಕ್ಷರ ಕಲಿಯುವವರ ತರಗತಿಗಳಿಗೆಂದು ತಂದ ವಾಚನ ಪುಸ್ತಕ ಸಿದ್ಧವಾಗಿದೆ, ಅದರಲ್ಲಿ ನಿಮ್ಮದು ಎಲ್ಲಕ್ಕಿಂತ ಚೆನ್ನಾಗಿ ಕೂತಿದೆ, ಅಂಕಾರಾದ ದೊಡ್ಡ ಅಧಿಕಾರಿಯೊಬ್ಬರಿಗೆ ಒಂದು ಪ್ರತಿ ಕಳಿಸಬೇಕು, ಒಂದು ರುಜು ಹಾಕಿಕೊಡಿ ಎಂದ. ಗುಮಾಸ್ತ ಪುಸ್ತಕ ತೆರೆದು ಮುಂದಿಟ್ಟು, ಒತ್ತುಕಾಗದ ಹಿಡಿದು ಪಕ್ಕದಲ್ಲಿ ನಿಂತ.

ಹುಲೂಸಿಯ ರುಜು ಒಂದು ಕಾಲಕ್ಕೆ ಪ್ರಸಿದ್ಧವಾಗಿತ್ತು. ಕೊನೆಯ ಅಕ್ಷರದ ಬಾಲವನ್ನು ಅವನು ಹಿಂದಕ್ಕೆ ಎಳೆದು ಇಡೀ ಹೆಸರಿನ ಕೆಳಗೆ ಹಾಯಿಸುತ್ತಿದ್ದ. ನೀರಿನ ಮೇಲೆ ಹಂಸ ಬಿಟ್ಟುಹೋದ ಗೆರೆ ಎಂದು ಒಬ್ಬ ವಿಮರ್ಶಕ ಬರೆದಿದ್ದ. ಈಗ ಅವನು ಪೆನ್ನು ಹಿಡಿದು ಮೊದಲ ಅಕ್ಷರದ ಎರಡು ಕಂಬ ನಿಲ್ಲಿಸಿದ, ನಡುವೆ ಅಡ್ಡಪಟ್ಟಿ ಹೊಡೆದ. ಎರಡನೆಯದು ಸಣ್ಣದಾಯಿತು. ಮೂರನೆಯದು ಮೊದಲನೆಯದಕ್ಕಿಂತ ಎತ್ತರವಾಯಿತು. ಗುಮಾಸ್ತ ಉಸಿರು ಬಿಗಿಹಿಡಿದು ಕಾಯುತ್ತಿದ್ದ. ಮಗು ಮೊದಲ ಹೆಜ್ಜೆ ಇಡುವಾಗ ಮನೆಯವರು ಕಾಯುವ ಹಾಗೆ. ಸಾಬಿತ್ ಬಗ್ಗಿ ಕಿವಿಯ ಹತ್ತಿರ, ಹಳೆಯದರಲ್ಲೇ ಹಾಕಿಬಿಡಿ ಉಸ್ತಾದ್, ಎಂದವನು ತಕ್ಷಣ ಬಾಗಿಲ ಕಡೆ ನೋಡಿ, ಬೇಡ ಬೇಡ, ಇದೇ ಚೆನ್ನಾಗಿದೆ, ಎಂದ. ಹೆಸರು ಮುಗಿಯಿತು. ಕಡೆಯ ಅಕ್ಷರದ ಮೇಲೆ ಚುಕ್ಕಿ ಇಡುವಾಗ ಮಸಿ ಒಂದು ತೊಟ್ಟು ಹೆಚ್ಚಾಗಿ ಬಿತ್ತು. ಗುಮಾಸ್ತ ಒತ್ತುಕಾಗದವನ್ನು ಅದರ ಮೇಲೆ ಮೃದುವಾಗಿ ಇಟ್ಟ, ಗಾಯಕ್ಕೆ ಇಡುವ ಹಾಗೆ.

"ಪುಟ ತಿರುಗಿಸಿ ನೋಡಿ," ಎಂದ ಸಾಬಿತ್. "ನಿಮ್ಮ ಪದ್ಯಕ್ಕೆ ಚಿತ್ರ ಹಾಕ್ಸಿದೀನಿ. ಅಕ್ಷರ ಇನ್ನೂ ಕೂಡಿಸೋಕೆ ಬರದ ಹೆಂಗಸ್ರಿಗೂ ತಿಳೀಬೇಕು ನೋಡಿ."

ಚಿತ್ರದಲ್ಲಿ ಒಂದು ಕಿಟಕಿ, ಕಿಟಕಿಯಾಚೆ ಸಮುದ್ರ, ಸಮುದ್ರದ ಮೇಲೆ ಚಂದ್ರ. ಕಿಟಕಿಯ ಬಳಿ ಗಡ್ಡದ ಗಂಡಸೊಬ್ಬ ಕೂಸನ್ನು ಎದೆಗವಚಿಕೊಂಡು ನಿಂತಿದ್ದಾನೆ. ಹಿಂದೆ, ಮೂಲೆಯ ಹಾಸಿಗೆಯ ಮೇಲೆ, ಒಬ್ಬ ಹೆಂಗಸು ಬಾಯಿ ಅರೆತೆರೆದುಕೊಂಡು ಗಾಢವಾಗಿ ನಿದ್ದೆ ಮಾಡುತ್ತಿದ್ದಾಳೆ. ಒಂದು ಕೈ ಹಾಸಿಗೆಯಿಂದ ಕೆಳಕ್ಕೆ ಇಳಿಬಿದ್ದಿದೆ. ಚಿತ್ರ ಬರೆದವನು ಜಾಣ. ಹೊದಿಕೆ ಬೆಚ್ಚಗಿದೆಯೆಂದು ನೋಡಿದವರಿಗೆ ಅನ್ನಿಸುತ್ತಿತ್ತು.

ಹುಲೂಸಿ ಪುಸ್ತಕ ಮುಚ್ಚಿದ. ಇದು ಶಾಲೆಗಳಿಗೆ ಯಾವಾಗ ಹೋಗುತ್ತದೆ ಎಂದು ಕೇಳಿದ. ಆಗಲೇ ಹೋಗಿಯಾಯಿತು ಎಂದ ಸಾಬಿತ್, ನಿಮ್ಮ ಉಸ್ಕುದಾರಕ್ಕೆ ಹೋದ ವಾರವೇ ತಲುಪಿದೆ, ನಿಮ್ಮ ಶ್ರೀಮತಿ ಹಾನಿಮ್ ಎಫೆಂದಿಯವರು ತರಗತಿಗೆ ಹೋಗುತ್ತಾರಂತಲ್ಲ, ಮನೆಯಲ್ಲೇ ಒಂದು ಪ್ರತಿ ಇರಬೇಕು, ನೋಡಿಲ್ಲವೇ. "ಯೋಚ್ನೆ ಮಾಡಿ ಉಸ್ತಾದ್. ಇಷ್ಟು ವರ್ಷ ಆದ್ಮೇಲೆ ನಿಮ್ಮ ಮನೆಯೋರೇ ನಿಮ್ಮನ್ನ ಓದ್ತಾರೆ. ಈ ಭಾಗ್ಯ ಯಾವ ಕವಿಗೆ ಬಂದೀತು."

ಹಿಂತಿರುಗುವ ಸ್ಟೀಮರಿನಲ್ಲಿ ಅವನು ಒಳಗೆ ಕೂರದೆ ಮೇಲಿನ ಅಟ್ಟದಲ್ಲಿ ಗಾಳಿಗೆ ನಿಂತ. ವಸಂತ, ಆಚೆ ದಡದ ಗುಡ್ಡಗಳ ಮೇಲೆ ಅರ್ಗುವಾನ್ ಮರಗಳು ಹೂಬಿಟ್ಟು ಊದಾ ಬಣ್ಣಕ್ಕೆ ತಿರುಗಿದ್ದವು. ಇಂಥ ಸಂಜೆಗಳಲ್ಲಿ ಒಂದು ಕಾಲಕ್ಕೆ ಈ ನೀರಿನ ಮೇಲೆ ಹಾಡುಗಾರರ ದೋಣಿಗಳು ಸಾಲಾಗಿ ಹೊರಡುತ್ತಿದ್ದವು, ದಡದ ಮನೆಗಳವರು ದೀಪ ಆರಿಸಿ ಕಿಟಕಿ ತೆರೆಯುತ್ತಿದ್ದರು, ಇಪ್ಪತ್ತೈದರ ಹುಲೂಸಿ ಬಾಡಿಗೆಯ ದೋಣಿಯಲ್ಲಿ ಅವರ ಹಿಂದೆ ಹಿಂದೆ ಹೋಗಿ ಬೆಳಗಿನ ತನಕ ಒದ್ದೆ ಹಲಗೆಯ ಮೇಲೆ ಕೂತಿರುತ್ತಿದ್ದ. ಮದುವೆಯಾದ ಹೊಸದರಲ್ಲಿ ಒಮ್ಮೆ ಇಫಾಕತ್‌ಳನ್ನೂ ಕರೆದೊಯ್ದಿದ್ದ. ಅವಳು ಹಾಡು ಕೇಳುವುದಕ್ಕಿಂತ ಹೆಚ್ಚಾಗಿ ದೋಣಿಯ ಹಲಗೆಗಳ ಸಂದನ್ನು ಬೆರಳಿನಿಂದ ಸವರಿ ನೋಡುತ್ತಿದ್ದಳು. ಅವಳಪ್ಪ ದೋಣಿಗಳ ಬಿರುಕಿಗೆ ನಾರು ತುಂಬಿ ಡಾಂಬರು ಬಳಿಯುವವನು. 'ಇದು ನಮ್ಮಪ್ಪನ ಕೈಕೆಲಸ ಅಲ್ಲ,' ಎಂದಿದ್ದಳು, 'ಇಲ್ಲಿ ನೀರು ಬರುತ್ತೆ ನೋಡ್ತಿರಿ.' ಬಂದಿತ್ತು. ಅವಳಿಗೆ ಓದು ಬರುತ್ತಿರಲಿಲ್ಲ. ನಮಾಜಿಗೆ ಬೇಕಾದಷ್ಟನ್ನು ಬಾಯಿಪಾಠ ಮಾಡಿಸಿದ್ದರು. ನಾನು ಕಲಿಸುತ್ತೇನೆ ಎಂದು ಅವನು ಮೊದಲ ವರ್ಷ ಹೇಳಿದ್ದ, ಎರಡನೆಯ ವರ್ಷವೂ ಹೇಳಿದ್ದ. ಆಮೇಲೆ ಮಗಳು ನಿಮೆತ್ ಹುಟ್ಟಿದಳು.

ಆ ಪದ್ಯ ಅವನನ್ನು ಊರೆಲ್ಲ ಗೌರವದಿಂದ ಕರೆಯುವ ಹುಲೂಸಿ ಬೇಯನ್ನಾಗಿ ಮಾಡಿತ್ತು. ಅದಕ್ಕೆ ಮುಂಚೆ ಅವನು ನೂರು ಜನರಲ್ಲಿ ಒಬ್ಬ. ಗುಲಾಬಿ, ಬುಲ್‌ಬುಲ್, ಮಧುಪಾತ್ರೆ ಎಂದು ಎಲ್ಲರಂತೆ ಬರೆಯುವವನು. ನಾಲ್ಕು ವರ್ಷದ ಮಗಳು ಗಂಟಲಮಾರಿಯಿಂದ ತೀರಿಕೊಂಡು ನಲವತ್ತು ದಿನ ತುಂಬುವ ಮೊದಲೇ ಅವನು ಅದನ್ನು ಬರೆದಿದ್ದ. ಸಾಯುವ ಮಗುವನ್ನು ಎತ್ತಿಕೊಂಡು ಕಿಟಕಿಯ ಬಳಿ ಒಬ್ಬನೇ ನಿಂತ ತಂದೆ, ಮಗುವಿಗೆ ಸಮುದ್ರ ತೋರಿಸುತ್ತಾನೆ. ಲೋಕವೆಲ್ಲ ಮಲಗಿದೆ, ತಾಯಿಯೂ ಮಲಗಿದ್ದಾಳೆ. ಆ ಉಸಿರು ನಿಂತದ್ದು ಅವನೊಬ್ಬನಿಗೇ ಕೇಳಿಸುತ್ತದೆ. ಪತ್ರಿಕೆಯಲ್ಲಿ ಅದು ಬಂದ ದಿನ ಗಂಡಸರು ಕಾಫಿ ಅಂಗಡಿಗಳಲ್ಲಿ ಅತ್ತರು. ಸಂಗೀತಕ್ಕೆ ಅಳವಡಿಸಿದರು. ಹೆಂಗಸರು ಮದುವೆಮನೆಗಳಲ್ಲಿ ಇಫಾಕತ್‌ಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಮಾತಿಲ್ಲದೆ ತಲೆಯಾಡಿಸುತ್ತಿದ್ದರು. ಅವಳು ಒಂದು ಸಲ, ಒಂದೇ ಸಲ, ಅದರಲ್ಲಿ ಏನಿದೆ ಎಂದು ಕೇಳಿದ್ದಳು. 'ನಿಮೆತ್ ಇದ್ದಾಳೆ,' ಎಂದಿದ್ದ. ಅವಳಿಗೆ ಅಷ್ಟು ಸಾಕಾಗಿತ್ತು. ಯಾರಾದರೂ ಅವಳೆದುರು ಒಪ್ಪಿಸಿದರೂ ತಿಳಿಯುವ ಭಯವಿರಲಿಲ್ಲ. ಅದು ಆ ಕಾಲದ ಭಾಷೆ, ಅರಬ್ಬಿ ಪಾರಸಿ ಮಾತುಗಳು ಹೆಣೆದುಕೊಂಡ ದಪ್ಪ ಜರಿಯ ಬಟ್ಟೆ. ತಾಯಿಯ ನಿದ್ದೆಯೆಂಬುದು ಅದರಲ್ಲಿ ಮರೆವಿನ ಅಂತಃಪುರಕ್ಕೆ ಸರಿದ ನರ್ಗೀಸ್ ಹೂವಾಗಿತ್ತು. ಹಾಗೆಂದರೆ ಒಬ್ಬ ಹೆಂಗಸು ಮಲಗಿದ್ದಳು ಎಂದು ಯಾರು ತಿಳಿದಾರು? ಹೋದ ಶರತ್ಕಾಲದಲ್ಲಿ ಸಾಬಿತ್ ಬಂದು, ಕಲಿಯುವ ಜನಕ್ಕೆ ತಿಳಿಯುವ ಹಾಗೆ ಮನೆಮಾತಿನಲ್ಲಿ ಬರೆದುಕೊಡಿ ಎಂದಾಗ, ಹುಲೂಸಿ ಎರಡು ದಿನ ಕೂತು ಬರೆದ. ಜರಿಯನ್ನೆಲ್ಲ ಬಿಚ್ಚಿದ. ಅಮ್ಮನು ನಿದ್ದೆಯಲಿ, ಚಂದಿರ ನೀರಿನಲಿ, ಎಂದು ಬರೆದು, ಅವನ ಭಾಷೆಯಲ್ಲಿ ನಿದ್ದೆಗೂ ನೀರಿಗೂ ಪ್ರಾಸ ಎಷ್ಟು ಸಲೀಸಾಗಿ ಕೂಡಿತೆಂದು ಹಿಗ್ಗಿ, ಪಕ್ಕದ ಕೋಣೆಯಲ್ಲಿ ಹೊಲಿಗೆ ಹಾಕುತ್ತಿದ್ದ ಅದೇ ಅಮ್ಮನನ್ನು ಕೂಗಿ ಒಂದು ಕಾಫಿ ಕೊಡು ಎಂದಿದ್ದ.

ನಿಮೆತ್ ತೀರಿಕೊಂಡ ಆ ರಾತ್ರಿ ಅವನು ಮನೆಯಲ್ಲಿರಲಿಲ್ಲ. ಸಂಜೆ ಹೊರಡುವಾಗ ಇಫಾಕತ್ ಬಾಗಿಲಲ್ಲಿ ನಿಂತು, ಮಗು ಗಂಟಲು ನೋವು ಅನ್ನುತ್ತಿದೆ, ಬೇಗ ಬನ್ನಿ, ಎಂದಿದ್ದಳು. ಶೀತ, ಎಂದು ಅವನು ಮೆಟ್ಟಿಲಿಳಿದಿದ್ದ. ಆಚೆ ದಡದ ಬೆಯೋಲುವಿನ ಒಂದು ಮನೆಯಲ್ಲಿ ಪತ್ರಿಕೆಯವರ ಕೂಟ. ಅವನ ಹೊಸ ಗಝಲ್ ಓದುವುದಿತ್ತು. ಒಲೆ ಕೆಂಪಗೆ ಉರಿಯುತ್ತಿತ್ತು. ಓದಿದ ಮೇಲೆ ಇನ್ನೊಮ್ಮೆ ಎಂದರು, ಇನ್ನೊಮ್ಮೆ ಓದಿದ. ಕೊನೆಯ ಸ್ಟೀಮರು ಹೋಗಿದೆಯೆಂದು ಗೊತ್ತಾದಾಗ ಒಳಗೊಳಗೇ ಹಗುರಾದದ್ದು ಇವತ್ತಿಗೂ ನೆನಪಿದೆ: ಇನ್ನು ಹೋಗಲೇಬೇಕಾಗಿಲ್ಲ. ಬೆಳಗ್ಗೆ ಮನೆಯ ಮುಂದೆ ಬಂದಾಗ ಹೊಸ್ತಿಲಲ್ಲಿ ನೆರೆಮನೆಯ ಹೆಂಗಸರ ಚಪ್ಪಲಿಗಳು ರಾಶಿಯಾಗಿದ್ದವು. ಅವನ್ನು ನೋಡಿಯೇ ತಿಳಿಯಿತು. ಒಳಗೆ ಹೋಗಲು ಅವನ್ನು ದಾಟಬೇಕಿತ್ತು, ತುಳಿಯದೆ ದಾಟಲು ಜಾಗ ಹುಡುಕುತ್ತ ನಿಂತೇ ಇದ್ದ. ಏನಾಯಿತು, ಹೇಗಾಯಿತು ಎಂದು ಅವನು ಇಫಾಕತ್‌ಳನ್ನು ಕೇಳಲಿಲ್ಲ. ಮೊದಲು ಕೇಳುವ ಧೈರ್ಯವಿರಲಿಲ್ಲ. ಆಮೇಲೆ ಪದ್ಯ ಬಂತು. ಪದ್ಯದಲ್ಲಿ ಅವನು ಇದ್ದ, ಮಗುವಿನ ಭಾರ ತೋಳಿನಲ್ಲಿತ್ತು, ಹಣೆಯ ಕಾವು ಗಲ್ಲಕ್ಕೆ ತಾಗುತ್ತಿತ್ತು. ಓದಿ ಓದಿ ಅದು ನಡೆದದ್ದಕ್ಕಿಂತ ಗಟ್ಟಿಯಾಯಿತು. ಎಷ್ಟೋ ಸಲ ಸಭೆಗಳಲ್ಲಿ ಓದುವಾಗ ಅವನು ನಿಜವಾಗಿ ಕಣ್ಣೊರೆಸಿಕೊಂಡಿದ್ದ. ಇಪ್ಪತ್ತು ವರ್ಷ ಇಸ್ತಾಂಬುಲ್‌ಗೆಲ್ಲ ಗೊತ್ತಿದ್ದದ್ದು ಒಂದೇ ಒಂದು ಮನೆಗೆ ಗೊತ್ತಿರಲಿಲ್ಲ.

ಉಸ್ಕುದಾರದಲ್ಲಿ ಇಳಿದವನು ನೇರ ಮನೆಗೆ ಹೋಗದೆ ಶಾಲೆಯ ಓಣಿ ಹಿಡಿದ. ಹೆಂಗಸರ ತರಗತಿ ಇನ್ನೂ ಬಿಟ್ಟಿರಲಿಲ್ಲ. ಗೋಡೆಯ ಪಕ್ಕ, ಅಂಜೂರದ ಗಿಡದ ಮರೆಯಲ್ಲಿ, ಕಳ್ಳನ ಹಾಗೆ ನಿಂತುಕೊಂಡ. ಒಳಗಿನಿಂದ ಹತ್ತಾರು ಹೆಂಗಸರ ಧ್ವನಿ ಒಟ್ಟಾಗಿ ಬರುತ್ತಿತ್ತು, ಮುದುಕಿಯರದು, ಹರೆಯದವರದು, ನಡುವೆ ಕೂಸೊಂದರ ಅಳು. ಅಕ್ಷರಕ್ಕೆ ಅಕ್ಷರ ಕೂಡಿಸಿ ಎಳೆದೆಳೆದು ಓದುತ್ತಿದ್ದರು. ಹುಲೂಸಿ ಕಿವಿಗೊಟ್ಟ. ಮೊದಲು ಏನೂ ತಿಳಿಯಲಿಲ್ಲ. ಆಮೇಲೆ ಕೇಳಿಸಿತು: ಆಲೂಗಡ್ಡೆ ನೆಲದ ಕೆಳಗೆ ಬೆಳೆಯುತ್ತದೆ. ಆಲೂಗಡ್ಡೆಯನ್ನು ಬೇಯಿಸಿ ತಿನ್ನುತ್ತಾರೆ. ಅವನಿಗೆ ನಗು ಬಂತು. ಸದ್ಯ, ಇನ್ನೂ ಆಲೂಗಡ್ಡೆಯಲ್ಲಿದ್ದಾರೆ. ಆದರೆ ಆಲೂಗಡ್ಡೆ ಪುಸ್ತಕದಲ್ಲಿ ತನ್ನ ಪದ್ಯಕ್ಕಿಂತ ಮುಂಚೆ ಬರುತ್ತದೋ ಆಮೇಲೋ? ಸಾಬಿತ್ ಕೈಗಿತ್ತು ಕಳಿಸಿದ್ದ ಇನ್ನೊಂದು ಪ್ರತಿಯನ್ನು ತೆರೆದು ನೋಡಿದರೆ ತಿಳಿಯುತ್ತಿತ್ತು. ತೆರೆಯಲಿಲ್ಲ. ಓಣಿಯಲ್ಲಿ ನೀರಿನವನು ಕತ್ತೆ ಹೊಡೆದುಕೊಂಡು ಬಂದು, ಏನು ಹುಲೂಸಿ ಬೇ, ಹಾನಿಮ್ ಅವರನ್ನ ಶಾಲೆಯಿಂದ ಕರ್ಕೊಂಡು ಹೋಗೋಕೆ ಬಂದ್ರಾ ಎಂದು ನಕ್ಕು ಮುಂದೆ ಹೋದ. ಹುಲೂಸಿ ಬೇಗ ಬೇಗ ಏರು ಹತ್ತಿದ.

ಇಫಾಕತ್ ಸ್ವಲ್ಪ ಹೊತ್ತಿಗೆ ಬಂದಳು. ನಲವತ್ತೈದರ ಗಟ್ಟಿ ಹೆಂಗಸು. ಚೀಲವನ್ನು ಗೂಟಕ್ಕೆ ಹಾಕಿ, ಶಿರವಸ್ತ್ರ ಸಡಿಲಿಸಿ, ಬುಟ್ಟಿಯ ಬಟಾಣಿಯನ್ನು ಮೇಜಿನ ಮೇಲೆ ಸುರಿದು ಸುಲಿಯಲು ಕೂತಳು. ಊರಿನ ಕಡೆ ಏನು ಸುದ್ದಿ ಎಂದಳು. ಏನಿಲ್ಲ ಎಂದ. ಸಾಬಿತ್ ಎಫೆಂದಿ ಯಾಕೆ ಕರೆಸಿದ್ದರು ಎಂದಳು. ಒಂದು ರುಜು ಬೇಕಿತ್ತಂತೆ ಎಂದ. ಅವಳ ಹೆಬ್ಬೆರಳು ಸಿಪ್ಪೆಯ ಬೆನ್ನನ್ನು ಸೀಳುತ್ತಿತ್ತು, ಕಾಳು ಬಟ್ಟಲಿಗೆ ಬೀಳುತ್ತಿತ್ತು. ಹಾಗೆಯೇ ನಡೆದುಹೋಗುತ್ತದೆ ಎನ್ನಿಸಿತು ಅವನಿಗೆ, ಇವತ್ತು, ನಾಳೆ, ಇನ್ನೆಷ್ಟು ವರ್ಷವಿದೆಯೋ ಅಷ್ಟು. ಅರ್ಧ ಬಟ್ಟಲು ತುಂಬಿದ ಮೇಲೆ ಅವಳು ಕೈ ಒರೆಸಿಕೊಂಡು, ಚೀಲದಿಂದ ಪುಸ್ತಕ ತೆಗೆದಳು.

"ಇಲ್ಲೇ ಕೂತ್ಕೊಳ್ಳಿ ಬೇ. ನಿಮ್ಮದು ಓದ್ತೀನಿ. ತಪ್ಪಾದ್ರೆ ಹೇಳ್ಬೇಕು."

ಬೆಳಕು ಕಡಿಮೆಯಾಗಿದೆ, ನನಗೆ ಕಣ್ಣು ಮಂಜು, ಆಮೇಲೆ ಓದಿದರಾಯಿತು ಎಂದ ಹುಲೂಸಿ.

"ನಿಮ್ಮ ಕಣ್ಣು ಯಾಕೆ ಬೇಕು. ಓದೋಳು ನಾನು."

ಅವಳು ಬೆರಳಿಟ್ಟು ಶುರುಮಾಡಿದಳು. ಹಸಿರು ಅಂಟಿದ ಆ ಬೆರಳು ಒಂದೊಂದು ಅಕ್ಷರದ ಕೆಳಗೂ ನಿಂತು, ಅದರ ದನಿ ಬಂದ ಮೇಲೆ ಮುಂದಕ್ಕೆ ಹೋಗುತ್ತಿತ್ತು. ಅವನ ಪದ್ಯವನ್ನು ದೊಡ್ಡ ದೊಡ್ಡ ನಟರು ಓದಿದ್ದರು, ಕಣ್ಣು ಮುಚ್ಚಿ, ಕೈ ಎತ್ತಿ. ಯಾರೂ ಇಷ್ಟು ನಿಧಾನವಾಗಿ ಓದಿರಲಿಲ್ಲ. ಒಂದು ಮಾತು ಮುಗಿದು ಇನ್ನೊಂದು ಬರುವ ನಡುವೆ ಅಡಗಿಕೊಳ್ಳಲು ಎಲ್ಲೂ ಜಾಗವಿರಲಿಲ್ಲ. ನಿ, ಮೆ, ತ್, ಎಂದು ಕೂಡಿಸಿದಾಗ ಅವಳ ದನಿ ಬದಲಾಗಲಿಲ್ಲ. ಕಿಟಕಿ ಬಂತು. ಸಮುದ್ರ ಬಂತು. ಅಪ್ಪನ ತೋಳು ಬಂತು. ಅಮ್ಮನು, ಎಂದು ಓದಿ, ಉಸಿರು ತೆಗೆದುಕೊಂಡು, ನಿದ್, ದೆ, ಯ, ಲಿ, ಎಂದು ಮುಗಿಸಿ, ಅಲ್ಲಿ ಬೆರಳನ್ನು ನಿಲ್ಲಿಸಿದಳು. ಮುಂದಿನ ಸಾಲಿಗೆ ಹೋಗಲಿಲ್ಲ.

"ಸರಿಯಾಗಿ ಓದಿದ್ನಾ?"

"ಸರಿಯಾಗಿದೆ," ಎಂದ ಹುಲೂಸಿ.

ಅವಳು ಪುಸ್ತಕವನ್ನು ತೆರೆದೇ ಇಟ್ಟು ಮತ್ತೆ ಬಟಾಣಿಗೆ ಕೈ ಹಾಕಿದಳು. ಗುರುವಾರವೇ ತರಗತಿಯಲ್ಲಿ ಇದನ್ನು ಓದಿದೆವು ಎಂದಳು. ಹಾಗಾದರೆ ಇಷ್ಟು ದಿನ ಇವಳಿಗೆ ಗೊತ್ತಿತ್ತು. ಕಾಫಿ ತಂದಿಟ್ಟಿದ್ದಳು, ಅಂಗಿಗೆ ಗುಂಡಿ ಹಾಕಿದ್ದಳು, ನಿನ್ನೆ ಅವನ ಬೆನ್ನಿಗೆ ಎಣ್ಣೆ ತಿಕ್ಕಿದ್ದಳು. ಮೇಡಮ್ಮನಿಗೆ ನಿಮ್ಮ ಪದ್ಯವೆಂದರೆ ಪ್ರಾಣ, ಓದುವಾಗ ಅವರೇ ಅತ್ತುಬಿಟ್ಟರು ಎಂದಳು. ಹೆಂಗಸರೆಲ್ಲ ಚಿತ್ರ ನೋಡಿ ಅವಳ ಕಡೆ ತಿರುಗಿದರಂತೆ.

"ಇದ್ದಿಲು ಮಾರೋನ ಹೆಂಡ್ತಿ ಇದಾಳಲ್ಲ, ಬಾಯಿಗೆ ಬೀಗ ಇಲ್ಲದೋಳು, ಅವಳು ಕೇಳಿದ್ಳು. ಅಕ್ಕಾ, ಮಗು ಹೋಗೋವಾಗ ನೀನು ಮಲ್ಕೊಂಡಿದ್ಯಾ ಅಂತ."

ಹುಲೂಸಿ ಮೇಜಿನ ಅಂಚು ಹಿಡಿದುಕೊಂಡ. ನೀನೇನು ಹೇಳಿದೆ ಎಂದು ಕೇಳಿದನೋ, ಕೇಳಿದೆನೆಂದುಕೊಂಡನೋ.

"ಹೌದು, ಮಲಗಿದ್ದೆ ಅಂದೆ. ಇನ್ನೇನು ಅನ್ಲಿ? ಅಚ್ಚಾಗಿರೋ ಪುಸ್ತಕ. ನಾನು ಎದ್ದಿದ್ದೆ ಅಂದ್ರೆ, ಹಾಗಾದ್ರೆ ನಿನ್ನ ಗಂಡ ಎಲ್ಲಿದ್ದ ಅಂತ ಕೇಳ್ತಿದ್ಳು."

ಹೊರಗೆ ಯಾರದೋ ಮನೆಯ ಕಿಟಕಿಯ ಬಾಗಿಲು ಮುಚ್ಚಿದ ಸದ್ದು. ಮಾತಿನಿಂದಲೇ ಬದುಕಿದವನು ಹುಲೂಸಿ. ಎಂಥ ಸಭೆಯಲ್ಲೂ ಎದ್ದು ನಿಂತರೆ ಸಾಲುಗಳು ತಾವಾಗಿ ಬರುತ್ತಿದ್ದವು. ಈಗ ಬಂದದ್ದೆಲ್ಲ ಅಲಂಕಾರವಾಗಿ ಬಂತು, ಒಂದೊಂದನ್ನೂ ಅವನು ನುಂಗಿದ. ಅವಳೇ ಮಾತಾಡಿದಳು, ಕಾಳು ಸುಲಿಯುತ್ತಲೇ, ಪಕ್ಕದ ಮನೆಯ ಸುದ್ದಿ ಹೇಳುವ ಹಾಗೆ.

"ಸಮುದ್ರ ಎಲ್ಲಿ ನೋಡ್ತಾಳೆ ಪಾಪ. ಕಣ್ಣೇ ಬಿಡ್ತಿರ್ಲಿಲ್ಲ. ಉಪ್ಪಿನಕಾಯಿ ನೀರು ಬೇಕು ಅಂತಿದ್ಳು. ಗಂಟ್ಲಲ್ಲಿ ಉಗುಳೂ ಇಳೀತಿರ್ಲಿಲ್ಲ, ಅವಳಿಗೆ ಉಪ್ಪಿನಕಾಯಿ ನೀರಿನ ಆಸೆ. ಮನೇಲಿ ಇರ್ಲಿಲ್ಲ. ಬರೀ ನೀರನ್ನೇ ಚಮಚದಲ್ಲಿ ತುಟಿಗೆ ಹಚ್ಚಿ, ತಗೋ ಕಂದ, ಇದೇ ಉಪ್ಪಿನಕಾಯಿ ನೀರು ಅಂದೆ. ಖಾರ ಅ‍ಂದ್ಳು. ಮುಖ ಹಿಂಡಿದ್ಳು ಬೇರೆ. ಬರೀ ನೀರಿಗೆ."

ಹುಲೂಸಿಯ ಕೈ ಕೋಟಿನ ಜೇಬಿಗೆ ಹೋಗಿತ್ತು. ಅದು ಹೋದದ್ದು ಅವನಿಗೆ ಗೊತ್ತಾಗಲಿಲ್ಲ. ಬೆರಳಿಗೆ ಪೆನ್ಸಿಲು ತಾಗಿದಾಗ ಗೊತ್ತಾಯಿತು. ಮೂವತ್ತು ವರ್ಷದಿಂದ, ಒಳ್ಳೆಯ ಮಾತೊಂದು ಕಿವಿಗೆ ಬಿದ್ದಾಗಲೆಲ್ಲ, ಹೆಣದ ಮುಂದೆಯಾದರೂ ಸರಿ, ಆ ಕೈ ಹೀಗೇ ಹೋಗುತ್ತಿತ್ತು. ಇಫಾಕತ್ ಅದನ್ನು ನೋಡಿದಳು. ಅವಳ ತುಟಿಯ ಒಂದು ಕೊನೆ ಮೇಲಕ್ಕೆ ಹೋಯಿತು.

"ಬರ್ಕೋತೀರಾ? ಯಾವ ಅಕ್ಷರದಲ್ಲಿ?"

ಅವನು ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡ. ಖಾಲಿ ಕೈ. ವಿಚಿತ್ರವೆಂದರೆ ಅವಳು ಚುಚ್ಚಿದ್ದರಿಂದ ಅವನಿಗೆ ಉಸಿರಾಡಲು ಸಾಧ್ಯವಾಯಿತು. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಕೇಳದಿದ್ದದ್ದನ್ನು ಕೇಳಿದ.

"ಆಮೇಲೆ?"

ಅವಳು ತಲೆಯೆತ್ತಿ ಅವನನ್ನೇ ನೋಡಿದಳು. ನಿಜವಾಗಿ ಕೇಳುತ್ತಿದ್ದಾನೋ, ಮಾತಿಗೆ ಕೇಳುತ್ತಿದ್ದಾನೋ ಎಂದು ಅಳೆಯುವ ಹಾಗೆ. ಆಮೇಲೆ ಹೇಳಿದಳು. ಮಗು ಅಜ್ಜನ ಡಾಂಬರಿನ ಡಬ್ಬಿಯ ವಾಸನೆ ಬರುತ್ತಿದೆ ಎಂದದ್ದು. ತಾನು ಹಾಡಬೇಕೆಂದು ನೋಡಿದರೆ ಒಂದು ಹಾಡೂ ನೆನಪಿಗೆ ಬಾರದೆ, ನೀರಿನವನು ಬೀದಿಯಲ್ಲಿ ಕೂಗುವ ಕೂಗನ್ನೇ ಮೆಲ್ಲಗೆ ಕೂಗಿದ್ದು. ಉಸಿರಿಗೆ ಶಿಳ್ಳೆಯಂಥ ಸದ್ದು ಬಂದದ್ದು. ಪಕ್ಕದ ಮನೆಯವರನ್ನು ಕರೆಯೋಣವೆಂದರೆ ಮಗುವನ್ನು ಕೆಳಗಿಡಲು ಮನಸ್ಸಾಗದೆ, ಎತ್ತಿಕೊಂಡು ಹೊರಗೆ ಹೋದರೆ ಚಳಿಯೆಂದು ಹೊಸ್ತಿಲ ತನಕ ಹೋಗಿ ಹೋಗಿ ತಿರುಗಿ ಬಂದದ್ದು. ಅವನು ಕಾವ್ಯದಲ್ಲಿ ಕೇಳಿದೆನೆಂದಿದ್ದ ಆ ಕೊನೆಯ ಉಸಿರು ಯಾವುದೆಂದು ಅವಳಿಗೂ ಗೊತ್ತಾಗಿರಲಿಲ್ಲ. ಇನ್ನೊಂದು ಬರುತ್ತದೆ ಎಂದು ಕಾದಿದ್ದಳು. ಕಾದು ಕಾದು ಬೆಳಗಾಯಿತು.

"ಬೆಳಗಿನ ಮೊದಲ ಸ್ಟೀಮರು ಕೂಗ್ತು," ಎಂದಳು. "ಇದರಲ್ಲಿ ಬರ್ತೀರಿ ಅಂದ್ಕೊಂಡೆ."

ಕೊನೆಯ ಸ್ಟೀಮರು ತಪ್ಪಿತೆಂಬುದು ಹುಲೂಸಿ ಎಲ್ಲರಿಗೂ ಹೇಳಿದ ಮಾತು. ಮೊದಲನೆಯದರಲ್ಲೇ ಓಡಿ ಬಂದೆನೆಂಬುದೂ. ನಿಜವಾಗಿ ಆ ಬೆಳಗ್ಗೆ ಸೇತುವೆಯ ಬಳಿ ಗೆಳೆಯರಿಬ್ಬರು ತೋಳು ಹಿಡಿದೆಳೆದಿದ್ದರು, ಬಿಸಿ ಸೂಪು ಕುಡಿದು ಹೋಗು ಮಾರಾಯ ಎಂದು. ಬೆಳ್ಳುಳ್ಳಿ, ವಿನೆಗರ್ ಹಾಕಿದ ಸೂಪು. ಎರಡು ಬಟ್ಟಲು ಕುಡಿದಿದ್ದ. ಒಳ್ಳೆಯ ರುಚಿಯಾಗಿತ್ತು.

"ನಾನು ಎರಡನೇದರಲ್ಲಿ ಬಂದದ್ದು, ಇಫಾಕತ್."

"ಗೊತ್ತು," ಎಂದಳು ಅವಳು. "ಕಿಟಕೀಲಿ ನೋಡ್ತಾ ಇದ್ನಲ್ಲ. ಮೊದಲನೇದರಲ್ಲಿ ಇಳಿದೋರು ಎಲ್ಲಾರೂ ಹೋಗೋ ತನಕ ನೋಡ್ದೆ."

ಬಟಾಣಿ ಮುಗಿದಿತ್ತು. ಅವಳು ಸಿಪ್ಪೆಗಳನ್ನು ಮೇಜಿನ ಅಂಚಿಗೆ ಗುಡಿಸಿ ಮಡಿಲಿಗೆ ತುಂಬಿಕೊಂಡಳು. ಕೋಣೆಯಲ್ಲಿ ಬೆಳಕು ಇಳಿದು ಪುಸ್ತಕದ ಅಕ್ಷರಗಳು ಕಾಗದಕ್ಕೆ ಸೇರಿಕೊಳ್ಳುತ್ತಿದ್ದವು; ಚಿತ್ರದ ಹೆಂಗಸು ಮಾತ್ರ, ಬಿಳಿಯ ಹೊದಿಕೆಯಿಂದಾಗಿ, ಇನ್ನೂ ಕಾಣುತ್ತಿದ್ದಳು. ಹುಲೂಸಿ ಆತುರಾತುರವಾಗಿ ಮಾತಾಡಿದ. ನಾಳೆ ಬೆಳಗ್ಗೆಯೇ ಸಾಬಿತ್‌ನ ಹತ್ತಿರ ಹೋಗುತ್ತೇನೆ, ಮುಂದಿನ ಮುದ್ರಣಕ್ಕೆ ಆ ಸಾಲು ತೆಗೆಸುತ್ತೇನೆ, ಚಿತ್ರವನ್ನೂ ತೆಗೆಸುತ್ತೇನೆ, ಬೇಕಾದರೆ ಪದ್ಯವನ್ನೇ ತೆಗೆಸುತ್ತೇನೆ, ಪ್ರಾಸ ಹೋದರೆ ಹೋಗಲಿ ಎಂದ. ಹೇಳುತ್ತಿದ್ದ ಹಾಗೆ ಆ ಸಾಲಿಲ್ಲದೆ ಪದ್ಯ ನಿಲ್ಲುವುದಿಲ್ಲವೆಂದೂ, ಆ ಪದ್ಯವಿಲ್ಲದೆ ತಾನು ನಿಲ್ಲುವುದಿಲ್ಲವೆಂದೂ ಅವನಿಗೆ ಗೊತ್ತಿತ್ತು. ಆದರೂ ಮನಸಾರೆ ಹೇಳಿದ. ಇಫಾಕತ್ ಮಡಿಲ ಸಿಪ್ಪೆಯನ್ನು ಹಿಡಿದುಕೊಂಡೇ ಪುಸ್ತಕದ ಮೇಲೆ ಬಗ್ಗಿ, ಆ ಹೆಂಗಸನ್ನು, ಅವಳ ಇಳಿಬಿದ್ದ ಕೈಯನ್ನು, ಬೆಚ್ಚಗಿನ ಹೊದಿಕೆಯನ್ನು ಬಹಳ ಹೊತ್ತು ನೋಡಿದಳು.

"ಬೇಡ," ಎಂದಳು. "ಇರ್ಲಿ ಬಿಡಿ. ಚಿತ್ರದಲ್ಲಾದ್ರೂ ಆ ಒಂದು ರಾತ್ರಿ ನಿದ್ದೆ ಮಾಡ್ಕೋತೀನಿ."

ಬಟ್ಟಲು ಎತ್ತಿಕೊಂಡು ಅವಳು ಅಡಿಗೆಮನೆಗೆ ಹೋದಳು. ಹುಲೂಸಿ ಕತ್ತಲಾಗುತ್ತಿದ್ದ ಕೋಣೆಯಲ್ಲಿ ಕೂತು, ಒಳಗೆ ಅವಳು ಕಾಳು ತೊಳೆಯುವ ಸದ್ದನ್ನು ಕೇಳುತ್ತಿದ್ದ.